ನಾನು ಹೊಸದು ಮಾಡಿದ ಹಳೇ ಗಿಟಾರು

ಅದು 2004ನೇ ಇಸವಿ. ಹೈದರಾಬಾದಿನ ಮಾಧಾಪುರ, ಕೊಂಡಾಪುರದ ಕಡೆ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಾನು ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯ ಬಡಿಗ. ಎಸ್ಸೆಸ್ಸೆಲ್ಸಿ ಮುಗಿಸಿ, ಅಪ್ಪನ ಕೈಕೆಳಗೆ ಬಾಗಿಲು, ಕಿಟಕಿ, ತೊಟ್ಟಿಲು ಮಾಡುವುದನ್ನು ಕಲಿತು ಈ ಊರಿಗೆ ಬಂದವನು. ಹೆಂಡತಿ ಶಾಂತಾ ಮತ್ತು ನಾನು ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಕ್ಕಪಕ್ಕದಲ್ಲೆಲ್ಲ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಜನ.

ಸಾಫ್ಟ್‌ವೇರ್ ಕಂಪನಿಗಳ ಒಳಗೆ ಮೇಜು, ಕಪಾಟು, ಅಡ್ಡಗೋಡೆ ಕೂರಿಸುವುದು ನನ್ನ ಕೆಲಸ. ಎಲ್ಲವೂ ಪ್ಲೈವುಡ್ಡು, ಎಲ್ಲವೂ ಬಿಳಿ ಗೋಂದು. ಈ ವಾರ ಖಾಲಿ ಬಿದ್ದಿದ್ದ ಹಾಲಿನಲ್ಲಿ ಮುಂದಿನ ವಾರ ನೂರಾರು ಹುಡುಗ ಹುಡುಗಿಯರು ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದರು. ನಮ್ಮ ಕಂತ್ರಾಟುದಾರನಿಗೆ ಗೊತ್ತಿದ್ದದ್ದು ಒಂದೇ ಮಾತು. ‘ಚಮಕ್ನಾ ಚಾಹಿಯೇ.’ ಹೊಳೆಯಬೇಕು, ಅಷ್ಟೇ. ಅಲ್ಲಿ ಕೆಲಸ ಮಾಡುತ್ತ ಮಾಡುತ್ತ ಹೊಳೆಯುವುದೆಲ್ಲ ಒಳ್ಳೆಯದು ಎಂದು ನನ್ನ ಕೈಗೂ ಕಣ್ಣಿಗೂ ರೂಢಿಯಾಗಿಬಿಟ್ಟಿತ್ತು.

ಅದೇ ವರ್ಷ ಮಣಿಕೊಂಡದಲ್ಲಿ ವಿಜಯ್ ಎಂಬ ಸಾಫ್ಟ್‌ವೇರ್ ಹುಡುಗನ ಹೊಸ ಫ್ಲಾಟಿಗೆ ಬಟ್ಟೆ ಕಪಾಟು ಮಾಡಿಕೊಡುತ್ತಿದ್ದೆ. ಒಂದು ದಿನ ನಾನು ಶಾಂತಾಳ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡ ವಿಜಯ್ ನಗುತ್ತ ಹತ್ತಿರ ಬಂದ.

“ಮಲ್ಲಣ್ಣ, ನೀವು ಕನ್ನಡದವ್ರಾ? ನಮ್ದೂ ಮೂಲ ಹುಬ್ಬಳ್ಳಿ. ನಾನು ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ. ಮಾತಾಡ್ತೀನಿ, ಓದಾಕ ಮಾತ್ರ ಬರಂಗಿಲ್ಲ.”

ಆಮೇಲೆ ತನ್ನ ಸೋದರತ್ತೆಯ ವಿಷಯ ಹೇಳಿದ. ಇದೇ ಊರಿನ ಆಚೆ ತುದಿಯ ಉಪ್ಪಲ್‌ನಲ್ಲಿ ಇದ್ದಾರೆ, ಶಾಲೆಯಲ್ಲಿ ಟೀಚರ್ ಆಗಿದ್ದವರು, ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ತೀರಿಕೊಂಡು ನಾಲ್ಕೈದು ವರ್ಷವಾಯಿತು. ಅವರದೊಂದು ಹಳೆಯ ಗಿಟಾರಿದೆ, ಅದರ ಯಾವುದೋ ಪಟ್ಟಿ ಎದ್ದುಬಿಟ್ಟಿದೆ, ನೀವು ಒಮ್ಮೆ ನೋಡುತ್ತೀರಾ ಎಂದು ಕೇಳಿದ. ನಾನು ಅಲ್ಲಿಯವರೆಗೆ ಗಿಟಾರನ್ನು ಕೈಯಲ್ಲಿ ಹಿಡಿದವನಲ್ಲ. ಆದರೂ ಕಟ್ಟಿಗೆಯದು ತಾನೇ ಎಂದುಕೊಂಡು ಒಪ್ಪಿದೆ.

ಮುಂದಿನ ಭಾನುವಾರ ಉಪ್ಪಲ್‌ಗೆ ಹೋದೆ. ಸಲೋಮಿ ಟೀಚರಿಗೆ ಅರವತ್ತು ದಾಟಿತ್ತು. ಎತ್ತರದ ಹೆಂಗಸು, ನೆಟ್ಟಗೆ ನಡೆಯುವವರು. ಮನೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ಏಳೆಂಟು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ನಾನು ಬೀದರದವನೆಂದು ಗೊತ್ತಾದದ್ದೇ ಮಕ್ಕಳನ್ನು ಮನೆಗೆ ಕಳಿಸಿ, “ಬರ್ರಿ, ಕುಂಡ್ರಿ. ಈ ಊರಾಗ ನಮ್ಮ ಮಾತು ಆಡೋರು ಸಿಗೋದ ಅಪರೂಪ ಆಗೇತಿ,” ಎಂದು ಚಹಾ ಮಾಡಿಕೊಟ್ಟರು. ಊರಲ್ಲಿ ನಾವು ಹೆಣ್ಣುಮಾಸ್ತರರನ್ನು ಅಕ್ಕೋರು ಎನ್ನುತ್ತಿದ್ದೆವು. ನಾನು ಹಾಗೇ ಕರೆದದ್ದು ಅವರಿಗೆ ಬಹಳ ಹಿಡಿಸಿತು.

ಗಿಟಾರನ್ನು ಒಂದು ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದಾಗ ಲವಂಗ, ತಂಬಾಕು, ಹಳೆಯ ಕಟ್ಟಿಗೆ ಮೂರೂ ಬೆರೆತ ವಾಸನೆ ಬಂತು. ಗಂಡ ಡೇನಿಯಲ್ ಅವರು ಮದುವೆಗೆ ಮುಂಚೆಯೇ ಅದನ್ನು ಹುಬ್ಬಳ್ಳಿಯಲ್ಲಿ ದೇಶ ಬಿಟ್ಟು ಹೊರಟಿದ್ದ ಒಬ್ಬ ಎಂಜಿನ್ ಡ್ರೈವರನಿಂದ ತೆಗೆದುಕೊಂಡಿದ್ದರಂತೆ. ಆಗಲೇ ಅದು ಹಳೆಯದಂತೆ. ಮೇಲ್ಹಲಗೆಯ ಕಟ್ಟಿಗೆ ಯಾವುದೋ ಪರದೇಶದ್ದು. ಎಳೆಗಳು ಬಾಚಿದ ಕೂದಲಿನ ಹಾಗೆ ನೆಟ್ಟಗಿದ್ದವು. ಬಣ್ಣ ಹಳೆಯ ಜೇನಿನ ಬಣ್ಣ. ಬಾರಿಸುವಾಗ ಬಲಗೈ ಒರಗುವ ಕಡೆ ಪಾಲಿಶ್ ಪೂರ್ತಿ ಸವೆದು ಅಂಗೈ ಅಗಲದ ಬಿಳಿಚಿದ ಜಾಗವಾಗಿತ್ತು. ನಡುವಿನ ಗುಂಡು ಕಿಂಡಿಯ ಕೆಳಗೆ ಉಗುರು ತಾಗಿ ತಾಗಿ ಸಣ್ಣ ಗೀರುಗಳು. ಕತ್ತಿನ ಮೇಲೆ ಬೆರಳೊತ್ತುವಲ್ಲಿ, ಹಳೇ ದೇವಸ್ಥಾನದ ಮೆಟ್ಟಿಲಿನ ಹಾಗೆ ಕಟ್ಟಿಗೆಯೇ ಗುಳಿ ಬಿದ್ದಿತ್ತು. ತುದಿಯಲ್ಲಿ ಒಂದು ಸುಟ್ಟ ಕಲೆ. ಡೇನಿಯಲ್ ಅವರು ಬಾರಿಸುವಾಗ ಉರಿಯುವ ಸಿಗರೇಟನ್ನು ಅಲ್ಲಿನ ತಂತಿಗೆ ಸಿಕ್ಕಿಸಿಡುತ್ತಿದ್ದರಂತೆ. ತಂತಿ ಬಿಗಿಯುವ ಕಿವಿಗಳು ತುಕ್ಕು ಹಿಡಿದಿದ್ದವು. ಒಂದು ಕಿವಿಯ ಗುಂಡಿ ಮುರಿದಿದ್ದಕ್ಕೆ ಯಾರೋ ಕೈಯಿಂದ ಕೆತ್ತಿದ ಕಟ್ಟಿಗೆಯ ಚೂರು ಕೂರಿಸಿದ್ದರು. ಕಿಂಡಿಯೊಳಗೆ ಇಣುಕಿದರೆ ಹುಳ ತಿಂದ ಹಳದಿ ಕಾಗದವೊಂದು ಅಂಟಿಕೊಂಡಿತ್ತು.

ನಾನು ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟಿ ನೋಡಿದೆ. ಖಾಲಿ ಕೊಡ ತಟ್ಟಿದ ಹಾಗೆ ಅದು ಗುಂಯ್ ಎಂದಿತು. ಅಂಥ ಕಟ್ಟಿಗೆ ನಾನು ಮುಟ್ಟಿರಲಿಲ್ಲ.

ತಂಬೂರಿಯಲ್ಲಿ ಕುದುರೆ ಎನ್ನುತ್ತಾರಲ್ಲ, ತಂತಿಗಳನ್ನು ಹೊರುವ ಪಟ್ಟಿ, ಅದು ಹಿಂದಿನಿಂದ ಎದ್ದು ನಿಂತಿತ್ತು. ಟೀಚರ್ ಅದನ್ನು ತೋರಿಸಿ ಹೇಳಿದರು:

“ಇದೊಂದು ಕೂಡಿಸಿ ಕೊಡ್ರಿ ಮಲ್ಲಣ್ಣ. ಅಷ್ಟ ಸಾಕು. ಮಕ್ಕಳಿಗೆ ಹಾಡು ಹೇಳಿಕೊಡೋ ಮುಂದ ಇದರ ದನಿ ಜೋಡಿಗಿದ್ರ ನನಗ ಛಲೋ.”

ಅಷ್ಟ ಸಾಕು ಎಂದದ್ದು ನನಗೆ ಚೆನ್ನಾಗಿ ನೆನಪಿದೆ.

ಮನೆಗೆ ತಂದು, ಬಾಗಿಲ ಮುಂದಿನ ಕಟ್ಟೆಯ ಮೇಲೆ ಬೆಳಕಿನಲ್ಲಿ ಇಟ್ಟುಕೊಂಡು ಕೆಲಸಕ್ಕೆ ಕೂತೆ. ತಂತಿ ಬಿಚ್ಚಿದೆ. ಚಾಕು ಬಿಸಿ ಮಾಡಿ ಕುದುರೆಯನ್ನು ಬಿಡಿಸಿದೆ. ಒಳಗೆ ಧೂಳು ತುಂಬಿತ್ತು. ಕೆಲಸದ ಜಾಗದಿಂದ ತಂದಿದ್ದ ಗಾಳಿ ಯಂತ್ರ ಹಿಡಿದು ಊದಿದರೆ, ಧೂಳಿನ ಜೊತೆ ಆ ಹಳದಿ ಕಾಗದವೂ ಪುಡಿಪುಡಿಯಾಗಿ ಹೊರಗೆ ಹಾರಿತು. ಹೋಗಲಿ ಎಂದು ಗುಡಿಸಿ ಹಾಕಿದೆ. ಒಳಗೆ ಕೈ ತೂರಿಸಿ ಒರೆಸುವಾಗ ಮೇಲ್ಹಲಗೆಯ ಅಡಿಗೆ ಬೆರಳಿಗೆ ಏನೋ ಒರಟಾಗಿ ತಾಗಿತು. ಬಟ್ಟೆಯ ತೇಪೆಯಂತಿತ್ತು. ಹೊರಗೆ ಕಾಣುವಂಥದ್ದಲ್ಲವಲ್ಲ ಎಂದು ಅದನ್ನು ಮುಟ್ಟದೆ ಬಿಟ್ಟೆ. ಬಿಳಿ ಗೋಂದು ಹಚ್ಚಿ ಕುದುರೆಯನ್ನು ಕೂರಿಸಿ, ಮೇಲೆ ಭಾರ ಹೇರಿ ಬಿಗಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆದರೆ ಕುದುರೆ ಕೂತ ಮೇಲೆ ಉಳಿದದ್ದೆಲ್ಲ ನನ್ನ ಕಣ್ಣಿಗೆ ಕೊಳಕಾಗಿ ಕಾಣಿಸಿತು. ಅಷ್ಟು ಪ್ರೀತಿಯಿಂದ ಚಹಾ ಕೊಟ್ಟ ಅಕ್ಕೋರಿಗೆ ಇದನ್ನು ಹೊಸದರ ಹಾಗೆ ಮಾಡಿಕೊಟ್ಟರೆ ಎಷ್ಟು ಖುಷಿಪಡುತ್ತಾರೆ ಎಂದುಕೊಂಡೆ. ಪಾಲಿಶ್ ಪೇಪರ್ ತಂದು ಉಜ್ಜತೊಡಗಿದೆ. ಶಾಂತಾ ಅಕ್ಕಿ ಆರಿಸುತ್ತ ನೋಡುತ್ತಿದ್ದವಳು ಒಂದು ಮಾತು ಹೇಳಿದಳು.

“ಅವ್ರು ಕುದುರಿ ಅಷ್ಟ ಕೂಡಿಸು ಅಂದಾರಲ್ರಿ. ಉಳಿದಿದ್ದು ಯಾಕ ಮಾಡಾಕತ್ತೀರಿ?”

“ನಿನಗ ತಿಳಿಯಂಗಿಲ್ಲ, ಸುಮ್ನಿರು,” ಎಂದೆ.

ಗೀರುಗಳನ್ನು ಉಜ್ಜಿ ತೆಗೆದೆ. ಸುಟ್ಟ ಕಲೆಯನ್ನು ಕೆರೆದು, ಗೋಂದಿಗೆ ಕಟ್ಟಿಗೆ ಪುಡಿ ಕಲಸಿದ ಲಪ್ಪ ತುಂಬಿದೆ. ತುದಿಗೆ ಕರಿ ಬಣ್ಣ ಬಳಿದೆ. ಕತ್ತಿನ ಗುಳಿಗಳನ್ನೂ ತುಂಬಿ ಸಮ ಮಾಡಿದೆ. ಕೋಠಿಯ ಅಂಗಡಿಯಿಂದ ಹೊಳೆಯುವ ಹೊಸ ಕಿವಿಗಳನ್ನು ತಂದು ಹಾಕಿ, ಹಳೆಯವನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ಆಮೇಲೆ ಕಂಪನಿಗಳ ದೊಡ್ಡ ಸಾಹೇಬರ ಮೇಜಿಗೆ ಹೊಡೆಯುತ್ತಿದ್ದ ಮೆಲಮೈನ್ ಪಾಲಿಶನ್ನು ಮೂರು ಸಲ ಹೊಡೆದೆ. ಒಣಗಿದ ಮೇಲೆ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

ಎರಡು ವಾರ ಬಿಟ್ಟು, ಭಾನುವಾರ ಬೆಳಿಗ್ಗೆ, ಒಂದು ಹೊಸ ಚೀಲದಲ್ಲಿ ಅದನ್ನು ಹಾಕಿಕೊಂಡು ಲಿಂಗಂಪಲ್ಲಿಯಿಂದ ಲೋಕಲ್ ರೈಲು ಹತ್ತಿದೆ. ಹೆಗಲಲ್ಲಿ ಗಿಟಾರು ಇದ್ದದ್ದಕ್ಕೆ ಜನ ನನ್ನನ್ನು ನೋಡುವ ರೀತಿಯೇ ಬೇರೆಯಾಗಿತ್ತು. ಕೊರಳಲ್ಲಿ ಕಂಪನಿಯ ಕಾರ್ಡು ಹಾಕಿದ್ದ ಒಬ್ಬ ಹುಡುಗ ಸೀಟು ಬಿಟ್ಟುಕೊಟ್ಟು, “ಅಂಕಲ್, ಮೀರು ವಾಯಿಸ್ತಾರಾ?” ಎಂದು ತೆಲುಗಿನಲ್ಲಿ ಕೇಳಿದ. ಬಾರಿಸುವುದಿಲ್ಲ, ರಿಪೇರಿ ಮಾಡುತ್ತೇನೆ ಎಂದು ಹೇಳಿಕೊಂಡೆ. ಸಿಕಂದರಾಬಾದ್ ಬರುವವರೆಗೂ ನನ್ನ ಎದೆ ಉಬ್ಬಿಯೇ ಇತ್ತು.

ವಿಜಯ್ ಕೂಡ ಅವತ್ತು ಅತ್ತೆಯ ಮನೆಗೆ ಬಂದಿದ್ದ. ನಾನು ಚೀಲವನ್ನು ಟೀಚರ ಕೈಗೆ ಕೊಟ್ಟೆ. ಅವರು ಜಿಪ್ ತೆಗೆದರು, ಗಿಟಾರನ್ನು ಅರ್ಧ ಹೊರಗೆ ಎಳೆದರು, ಅಲ್ಲಿಗೇ ನಿಲ್ಲಿಸಿದರು.

“ಇದು ಯಾರ್ದು?” ಎಂದರು.

“ನಿಮ್ದ ರೀ, ಅಕ್ಕೋರ.”

ಅವರು ಪೂರ್ತಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ತಿರುಗಿಸಿ ನೋಡಿದರು. ಬಲಗೈಯನ್ನು ಅದರ ಮೇಲೆ ಒರಗಿಸಿ, ಕೈ ಜಾರಿದಂತಾಗಿ ಹಿಂದಕ್ಕೆ ತೆಗೆದರು. ಒಂದು ತಂತಿ ಮೀಟಿದರು, ಆಮೇಲೆ ಎಲ್ಲ ತಂತಿಗಳ ಮೇಲೆ ಬೆರಳು ಎಳೆದರು. ನನಗೆ ಸಂಗೀತ ಗೊತ್ತಿಲ್ಲ. ಆದರೂ ಅವತ್ತು ಹಲಗೆ ತಟ್ಟಿದಾಗ ಕೇಳಿದ ಗುಂಯ್ ಎನ್ನುವ ದನಿ ಅದರಲ್ಲಿ ಇಲ್ಲ ಎಂಬುದು ನನಗೂ ಗೊತ್ತಾಯಿತು. ಮುಚ್ಚಿದ ಬಾಗಿಲಿನ ಆಚೆಯಿಂದ ಯಾರೋ ಮಾತಾಡಿದಂತಿತ್ತು.

ಟೀಚರ್ ಗಿಟಾರನ್ನು ಮೆಲ್ಲಗೆ ಕುರ್ಚಿಯ ಮೇಲೆ ಇಟ್ಟರು.

“ಇದು ನಮ್ಮನೀದಲ್ಲ. ತಗೊಂಡು ಹೋಗ್ರಿ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ವಿಜಯ್ ಎದ್ದು ಬಂದ. ಆ ಗಿಟಾರನ್ನು ಕೇಳುತ್ತಲೇ ಬೆಳೆದವನು ಅವನು. ಕಿಂಡಿಯೊಳಗೆ ಬಗ್ಗಿ ನೋಡಿದ. “ಒಳಗ ಒಂದು ಹಳದಿ ಕಾಗದ ಇತ್ತಲ್ಲ, ಎಲ್ಲಿ?”

“ಧೂಳು ಊದುವಾಗ ಪುಡಿಯಾಗಿ ಹೋತ್ರಿ.”

“ಹಳೇ ಕಿವಿ?”

“ತುಕ್ಕು ಹಿಡಿದಿದ್ವು. ಗುಜರಿಗೆ ಹಾಕಿದೆ.”

“ಸುಟ್ಟ ಕಲೆ? ಅದೂ ಪುಡಿಯಾಗಿ ಹೋತೇನು?”

ನಾನು ಹೇಳಿದ ಪ್ರತಿಯೊಂದು ಉತ್ತರವೂ ನಿಜ. ಆದರೆ ಹೇಳುತ್ತಿದ್ದಂತೆ ಅವೆಲ್ಲ ಕಳ್ಳನ ಉತ್ತರಗಳಂತೆ ನನ್ನ ಕಿವಿಗೇ ಕೇಳಿಸುತ್ತಿದ್ದವು.

“ಅಂಥ ಹಳೇ ಗಿಟಾರಿಗಾಗಿ ಜನ ಹುಡುಕಾಡಿ ಬರ್ತಾರ, ಮಲ್ಲಣ್ಣ. ಯಾರೋ ನಿಮಗ ಹೇಳಿರಬೇಕು. ಅದನ್ನ ಅವ್ರಿಗೆ ಕೊಟ್ಟು, ಅಂಗಡಿಯಿಂದ ಹೊಸಾದೊಂದು ತಂದೀರಿ. ನಮ್ಮ ಅತ್ತೀಗೆ ಗೊತ್ತಾಗಂಗಿಲ್ಲ ಅನ್ಕೊಂಡ್ರಾ? ನಾನು ನಿಮ್ಮ ಕಾಂಟ್ರ್ಯಾಕ್ಟರಿಗೆ ಫೋನ್ ಮಾಡ್ತೀನಿ. ಆಮೇಲೆ ಠಾಣೆಗೆ ಹೋಗೋಣ,” ಎಂದು ಜೇಬಿನಿಂದ ಫೋನು ತೆಗೆದ.

ಆ ದೊಡ್ಡ ಕಟ್ಟಡಗಳಿಂದ ದಿನಾ ಸಂಜೆ ಹೊರಗೆ ಬರುವಾಗ ಗೇಟಿನಲ್ಲಿ ನಮ್ಮ ಚೀಲ, ಊಟದ ಡಬ್ಬಿ ಎಲ್ಲ ತೆಗೆಸಿ ನೋಡುತ್ತಾರೆ. ಏಳು ವರ್ಷದಲ್ಲಿ ನನ್ನ ಡಬ್ಬಿಯಲ್ಲಿ ಒಂದು ಮೊಳೆಯೂ ಸಿಕ್ಕಿರಲಿಲ್ಲ. ಕಳ್ಳ ಎಂಬ ಹೆಸರು ಒಮ್ಮೆ ಬಂದರೆ ಈ ಊರಿನಲ್ಲಿ ಯಾರೂ ನನ್ನನ್ನು ಮನೆಯೊಳಗೆ ಬಿಡುವುದಿಲ್ಲ. ಶಾಂತಾಳ ಮಾತು ಕೇಳಬೇಕಿತ್ತು ಎನಿಸಿತು.

ಆಗ ಯಾಕೋ ನನ್ನ ಬೆರಳಿಗೆ ತಾಗಿದ್ದ ಆ ಒರಟು ತೇಪೆ ನೆನಪಾಯಿತು. ಹೊರಗಿನದೆಲ್ಲ ನಾನು ಅಳಿಸಿದ್ದೆ. ಒಳಗಿನದನ್ನು ಮುಟ್ಟಿರಲಿಲ್ಲ.

“ಅಕ್ಕೋರ, ಫೋನ್ ಆಮ್ಯಾಲ ಮಾಡ್ಲಿ. ನಿಮ್ಮಲ್ಲಿ ಒಂದು ಸಣ್ಣ ಕನ್ನಡಿ, ಒಂದು ಬ್ಯಾಟರಿ ಐತೇನ್ರಿ?” ಎಂದು ಕೇಳಿದೆ.

ಟೀಚರ್ ನನ್ನ ಮುಖವನ್ನೇ ನೋಡಿ, ಒಳಗೆ ಹೋಗಿ ಪರ್ಸಿನ ಕನ್ನಡಿ ಮತ್ತು ಟಾರ್ಚು ತಂದುಕೊಟ್ಟರು. ನಾನು ತಂತಿಗಳನ್ನು ಸಡಿಲಿಸಿ ಬದಿಗೆ ಸರಿಸಿದೆ. ಕನ್ನಡಿಯನ್ನು ಕಿಂಡಿಯೊಳಗೆ ಇಳಿಸಿ, ಮೇಲ್ಹಲಗೆಯ ಅಡಿಭಾಗ ಕಾಣುವ ಹಾಗೆ ಓರೆ ಮಾಡಿ, ಟಾರ್ಚು ಹಿಡಿದೆ. ನಾನೂ ಅದನ್ನು ಕಣ್ಣಿನಿಂದ ನೋಡಿದ್ದು ಆಗಲೇ. ಹಲಗೆಯಲ್ಲಿ ಗೇಣುದ್ದದ ಒಂದು ಬಿರುಕು ಇತ್ತು. ಅದನ್ನು ಅಷ್ಟು ಚೆನ್ನಾಗಿ ಕೂಡಿಸಿದ್ದರೆಂದರೆ ಹೊರಗಿನಿಂದ ಅದು ಕಟ್ಟಿಗೆಯ ಒಂದು ಎಳೆ ಎಂದೇ ನಾನು ತಿಳಿದಿದ್ದೆ. ಬಿರುಕಿಗೆ ಅಡ್ಡಲಾಗಿ ಮೂರು ಬಟ್ಟೆಯ ಪಟ್ಟಿಗಳನ್ನು ಅಂಟಿಸಿದ್ದರು. ಗೋಂದಿನಿಂದ ಬಟ್ಟೆ ಕಂದಾಗಿತ್ತು. ಒಂದರ ಮೇಲೆ ಕೆಂಪು ದಾರದ ಕಸೂತಿ ಇತ್ತು.

ವಿಜಯ್ ಮೊದಲು ಬಗ್ಗಿ ನೋಡಿದ. “ಏನೋ ಡಿಸೈನ್ ಐತಿ. ಹೂವು ಇರಬೇಕು,” ಎಂದ.

“ಅಕ್ಕೋರ, ನೀವ ಒಮ್ಮೆ ನೋಡ್ರಿ,” ಎಂದೆ.

ಟೀಚರ್ ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತು ಕಿಂಡಿಯ ಹತ್ತಿರ ಮುಖ ತಂದರು. ಕನ್ನಡಿಯಲ್ಲಿ ಕಸೂತಿ ತಿರುಗುಮುರುಗಾಗಿ ಕಾಣುತ್ತಿತ್ತು. ಬಹಳ ಹೊತ್ತು ನೋಡಿದರು. ಟಾರ್ಚಿನ ಬೆಳಕು ಅಲ್ಲಾಡಿದಾಗ, “ಗಟ್ಟಿ ಹಿಡೀರಿ,” ಎಂದರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡಂತೆ, “ಡೇ,” ಎಂದರು.

“ಏನತ್ತಿ?” ಎಂದು ವಿಜಯ್ ಕೇಳಿದ.

“ಡೇ ಅಕ್ಷರನೋ. ಡೇನಿಯಲ್ಲಿನ ಡೇ. ನಾ ಹಾಕಿದ್ದು.”

ಅವರು ಎದ್ದು ಕುರ್ಚಿಗೆ ಒರಗಿ ಕೂತರು. ಒಂದು ಲೋಟ ನೀರು ತರಿಸಿಕೊಂಡು ಕುಡಿದರು. ಆಮೇಲೆ ಹೇಳಿದ್ದನ್ನು ನಾನು ಅವರ ಮಾತಿನಲ್ಲೇ ಬರೆಯುತ್ತೇನೆ.

“ನಮ್ಮ ಮದುವಿ ಗೊತ್ತಾದ ಮ್ಯಾಲ ನಾನು ಒಂದು ಕರವಸ್ತ್ರಕ್ಕ ಕಸೂತಿ ಹಾಕಿ ಅವ್ರಿಗೆ ಕಳಿಸಿದ್ದೆ. ಮೂಲ್ಯಾಗ ಅವ್ರ ಹೆಸರಿನ ಮೊದಲನೇ ಅಕ್ಷರ. ಮದುವಿಯಾಗಿ ಎರಡು ತಿಂಗಳು ಆಗಿತ್ತು. ಅವ್ರು ಪ್ಯಾಟಿಗೆ ಹೋಗಿದ್ರು. ಕಸ ಹೊಡೆಯೋ ಮುಂದ ನನ್ನ ಕೈ ತಾಗಿ ಈ ಗಿಟಾರು ಬಿತ್ತು, ಟ್ರಂಕಿನ ಮೂಲಿಗೆ ಬಡದು. ಮ್ಯಾಲ ಗೆರಿ ಬಿತ್ತು. ಅವ್ರಿಗೆ ಇದು ಜೀವ ಇದ್ದಂಗ. ಹೊಸಾ ಹೆಣ್ಮಗಳು ನಾನು, ಹೆಂಗ ಹೇಳ್ಲಿ? ಚೀಲದಾಗ ಹಾಕಿ ಗೋಡಿಗೆ ಆನಿಸಿ ಇಟ್ಟುಬಿಟ್ಟೆ. ಮರುದಿನ ಅವ್ರು ಡ್ಯೂಟಿಗೆ ಹೋಗೋ ಮುಂದ ಚೀಲ ಸಮೇತ ತಗೊಂಡು ಹೋದ್ರು. ನಾಕು ದಿನ ಬಿಟ್ಟು ಬಂದು, ಕುಂತು, ಯಾವಾಗಿನಂಗ ಬಾರಿಸಿದ್ರು. ನಾನು ಗೆರಿ ಹುಡುಕಿದೆ, ಕಾಣಲಿಲ್ಲ. ಅದು ಬರೇ ಗೀರು ಇರಬೇಕು, ಒಡದಿಲ್ಲ ಅಂತ ದೇವರಿಗೆ ಸ್ತೋತ್ರ ಹೇಳಿದೆ.”

ಲೋಟ ಕೆಳಗಿಟ್ಟು ಮುಂದುವರಿಸಿದರು.

“ಕರವಸ್ತ್ರ ಎಲ್ಲಿ ಅಂತ ಕೇಳಿದ್ರ, ಗಾಡ್ಯಾಗ ಕಳೀತು ಅಂದ್ರು. ನಾ ಎಷ್ಟು ಜಗಳಾಡೀನಿ ಅದಕ್ಕ. ಒಂದು ಕರವಸ್ತ್ರ ಕಾಯಾಕ ಆಗಲಿಲ್ಲ, ರೈಲು ಹೆಂಗ ಕಾಯ್ತೀರಿ ಅಂತ ಮುಪ್ಪಾಗೋ ತನಕಾ ಹಂಗಿಸೀನಿ. ನಗತಿದ್ರು, ಅಷ್ಟ. ಕೈಯಾಗ ಬ್ಯಾರೆ ಬಟ್ಟಿ ಸಿಗಲಿಲ್ಲೋ, ಬೇಕಂತನ ಇದನ್ನ ಹಚ್ಚಿದ್ರೋ. ಈಗ ಯಾರನ್ನ ಕೇಳ್ಲಿ?”

ವಿಜಯ್ ಫೋನನ್ನು ಜೇಬಿಗೆ ಹಾಕಿಕೊಂಡು ನನ್ನ ಹತ್ತಿರ ಬಂದು, “ತಪ್ಪಾತು ಮಲ್ಲಣ್ಣ,” ಎಂದ. ನನಗೆ ಅವನ ಮುಖ ನೋಡಲು ಆಗಲಿಲ್ಲ. ಯಾಕೆಂದರೆ ಕದ್ದಿಲ್ಲ ಎಂಬುದು ಗೊತ್ತಾಯಿತೇ ಹೊರತು ನಾನು ಮಾಡಿದ್ದು ಸರಿಯಾಗಲಿಲ್ಲವಲ್ಲ. ನಲವತ್ತು ವರ್ಷ ಒಬ್ಬ ಮನುಷ್ಯನ ಕೈ ಒರಗಿ ಸವೆದ ಜಾಗವನ್ನು ನಾನು ಅರ್ಧ ಗಂಟೆಯಲ್ಲಿ ಉಜ್ಜಿ ಹಾಕಿದ್ದೆ.

“ಅಕ್ಕೋರ, ನಾನು ನಿಮ್ಮನ್ನ ಕೇಳದ ಇದೆಲ್ಲ ಮಾಡೀನಿ. ನಿಮಗ ಖುಷಿ ಆಗ್ತೈತಿ ಅನ್ಕೊಂಡಿದ್ದೆ,” ಎಂದೆ.

ಟೀಚರ್ ಗಿಟಾರನ್ನು ಚೀಲದಲ್ಲಿ ಹಾಕಿ ತಿರುಗಿ ನನ್ನ ಕೈಗೇ ಕೊಟ್ಟರು.

“ನಾ ಇದನ್ನ ಒಡದಾಗ ಅವ್ರು ನನಗ ಒಂದು ಮಾತು ಅನ್ನಲಿಲ್ಲ. ಈಗ ನಾ ನಿಮಗೇನು ಅನ್ಲಿ? ಆದ್ರ ಇದರ ದನಿ ಕೆಟ್ಟೈತಿ. ಅದನ್ನ ಸರಿ ಮಾಡಿ ತರ್ರಿ. ಗೊತ್ತಿದ್ದವ್ರನ್ನ ಕೇಳಿ ಮಾಡ್ರಿ.”

ಗೊತ್ತಿದ್ದವರನ್ನು ಹುಡುಕುತ್ತ ಹೈದರಾಬಾದಿನ ಹಳೇ ಪಟ್ಟಣದ ಗಲ್ಲಿಗಳಲ್ಲಿ ಎರಡು ಭಾನುವಾರ ಅಲೆದೆ. ಕೊನೆಗೆ ಸಿತಾರ್ ಮಾಡುವ ರಹೀಂ ಚಾಚಾ ಸಿಕ್ಕರು. ಗೋಡೆಯ ತುಂಬ ಸೋರೆ ಬುರುಡೆಗಳನ್ನು ನೇತುಹಾಕಿದ್ದ ಸಣ್ಣ ಅಂಗಡಿ. ಅವರು ಗಿಟಾರನ್ನು ಒಮ್ಮೆ ತಟ್ಟಿ, ಮೂಸಿ ನೋಡಿ, “ಕ್ಯಾ ಮಿಯಾಂ, ಇಸ್ಕು ರಜಾಯಿ ಓಢಾ ದಿಯೇ,” ಎಂದರು. ಹಾಡುವವನಿಗೆ ತಲೆಯಿಂದ ಕಾಲಿನವರೆಗೆ ರಜಾಯಿ ಹೊದಿಸಿ ಹಾಡು ಎಂದರೆ ಹೇಗೆ ಹಾಡುತ್ತಾನೆ ಎಂದು ಬೈದರು. ಹಲಗೆ ತೆಳ್ಳಗಿರುವುದೇ ಅದು ನಡುಗಲಿ ಎಂದು. ನಡುಗಿದರೇನೇ ದನಿ. ನಾನು ಮೇಜಿಗೆ ಹೊಡೆಯುವ ಪಾಲಿಶನ್ನು ಮೂರು ಪದರ ಹೊಡೆದು ಅದನ್ನು ಕಟ್ಟಿಹಾಕಿದ್ದೆ. ಬಿಳಿ ಗೋಂದಿನ ಮೇಲೂ ಅವರಿಗೆ ಸಿಟ್ಟು ಬಂತು. ಹಳೆಯ ಕೆಲಸಗಾರರು ಚರ್ಮ ಕುದಿಸಿ ಮಾಡುವ ಸರೇಸಿನ ಗೋಂದನ್ನು ಯಾಕೆ ಹಾಕುತ್ತಿದ್ದರು ಗೊತ್ತಾ ಎಂದು ಕೇಳಿದರು. ಬಿಸಿ ತೋರಿಸಿದರೆ ಅದು ಬಿಟ್ಟುಕೊಳ್ಳುತ್ತದೆ, ಮುಂದೆ ಯಾರಾದರೂ ರಿಪೇರಿ ಮಾಡಬಹುದು. ಮುಂದೆ ಬರುವವನಿಗೆ ದಾರಿ ಬಿಡದ ಕೆಲಸ ಕೆಲಸವೇ ಅಲ್ಲ ಎಂದರು. ನಮ್ಮಪ್ಪನೂ ಡಬ್ಬಿಯಲ್ಲಿ ಸರೇಸು ಕುದಿಸುತ್ತಿದ್ದ. ಆ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಓಡುತ್ತಿದ್ದೆ.

ಚಾಚಾ ತಾವು ಮಾಡಿಕೊಡಲಿಲ್ಲ. “ನೀನು ಹೊದಿಸಿದ್ದು, ನೀನೇ ತೆಗಿ,” ಎಂದರು. ಮಳೆಗಾಲ ಮುಗಿಯುವವರೆಗೂ ಪ್ರತಿ ಭಾನುವಾರ ಅವರ ಅಂಗಡಿಯಲ್ಲಿ ಕೂತು, ಗಾಜಿನ ಚೂರಿನ ಅಂಚಿನಿಂದ ಆ ಪಾಲಿಶನ್ನು ಹೆರೆದೆ. ಒತ್ತಿ ಹೆರೆದರೆ ಕಟ್ಟಿಗೆಗೆ ತಾಗುತ್ತದೆ, ಮೆಲ್ಲಗೆ ಹೆರೆದರೆ ಪಾಲಿಶ್ ಏಳುವುದಿಲ್ಲ. ಒಂದು ಭಾನುವಾರಕ್ಕೆ ಅಂಗೈಯಷ್ಟು ಜಾಗ ಮುಗಿದರೆ ಹೆಚ್ಚು. ಆಮೇಲೆ ಕುದುರೆಯನ್ನು ಬಿಡಿಸಿ ಸರೇಸಿನಿಂದ ಕೂರಿಸಿದೆವು. ಮೈಗೆ ಅರಗಿನ ಪಾಲಿಶನ್ನು ಅರಳೆಯ ಉಂಡೆಯಿಂದ ತೆಳ್ಳಗೆ ಹಚ್ಚಿದೆವು. ಒಳಗಿನ ಕರವಸ್ತ್ರದ ಕಥೆ ಕೇಳಿ ಚಾಚಾ ಬಹಳ ಹೊತ್ತು ಕನ್ನಡಿ ಹಿಡಿದು ನೋಡಿದರು. ಅವರೂ ಆ ಮೂರು ಪಟ್ಟಿಗಳ ತಂಟೆಗೆ ಹೋಗಲಿಲ್ಲ.

ದಸರೆಯ ಹೊತ್ತಿಗೆ ಗಿಟಾರನ್ನು ಟೀಚರಿಗೆ ಕೊಟ್ಟೆ. ಈ ಸಲ ಅವರು ಕಣ್ಣು ಮುಚ್ಚಿಕೊಂಡು ಮೀಟಿದರು.

“ಬಂತು. ಸ್ವಲ್ಪ ನೆಗಡಿ ಆದಂಗ ಐತಿ. ಬಾರಿಸ್ತಾ ಬಾರಿಸ್ತಾ ಹೋಗ್ತೈತಿ ಬಿಡ್ರಿ,” ಎಂದು ನಕ್ಕರು.

ನೆಗಡಿ ನಿಜವಾಗಿಯೂ ಹೋಯಿತು. ಆದರೆ ಸವೆದ ಜಾಗ, ಉಗುರಿನ ಗೀರು, ಸುಟ್ಟ ಕಲೆ ತಿರುಗಿ ಬರಲಿಲ್ಲ. ಅವು ಬರುವಂಥವೂ ಅಲ್ಲ. ಕೆಲವು ವರ್ಷಗಳ ಮೇಲೆ ಕಂಪನಿಗಳ ಕೆಲಸ ಕಡಿಮೆಯಾದಾಗ ನಾನು ಚಾಚಾರ ಹತ್ತಿರವೇ ಸೇರಿಕೊಂಡು ವಾದ್ಯಗಳ ರಿಪೇರಿ ಕಲಿತೆ. ಈಗ ಲಿಂಗಂಪಲ್ಲಿಯಲ್ಲಿ ನನ್ನದೇ ಸಣ್ಣ ಅಂಗಡಿಯಿದೆ. ಯಾರಾದರೂ ಹಳೆಯ ವಾದ್ಯ ತಂದರೆ ಮೊದಲು ಅವರನ್ನು ಕೂರಿಸಿ, ಇದರಲ್ಲಿ ಯಾವುದನ್ನು ಮುಟ್ಟಬಾರದು ಹೇಳಿ ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಒಂದು ಗಂಟೆ ಮಾತಾಡುತ್ತಾರೆ.

ಟೀಚರ್ ಈಗ ಇಲ್ಲ. ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ಅದೇ ವರ್ಷದ ಒಂದು ಭಾನುವಾರ. ದೀಪಾವಳಿ ಕಳೆದಿತ್ತು. ನಾನು ಕಟ್ಟೆಯ ಮೇಲೆ ಕೂತಿದ್ದರೆ, ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಅವರು ಒಬ್ಬರೇ ನಮ್ಮ ಗಲ್ಲಿಯೊಳಗೆ ನಡೆದು ಬಂದರು. “ನಿಮ್ಮ ಮನಿಯವ್ರನ್ನ ನೋಡಾಕ ಬಂದೀನಿ. ಬ್ಯಾಡ ಅಂದಿದ್ರಂತಲ್ಲ ಅವತ್ತ? ಶಾಣ್ಯಾ ಹೆಣ್ಮಗಳು,” ಎಂದರು. ನಾನು ಗಿಟಾರು ಉಜ್ಜುವಾಗ ಶಾಂತಾ ತಡೆದದ್ದನ್ನು ದಸರೆಯಲ್ಲಿ ನಾನೇ ಅವರಿಗೆ ಹೇಳಿದ್ದೆ.

ಶಾಂತಾ ಚಾಪೆ ಹಾಸಿ, ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ಊಟವಾದ ಮೇಲೆ ಟೀಚರ್ ಬಾರಿಸುತ್ತ ಎರಡು ಹಾಡು ಹೇಳಿದರು. ಅಕ್ಕಪಕ್ಕದ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಟೀಚರ್ ಶಾಂತಾಳ ಕಡೆ ತಿರುಗಿ, “ಈಗ ನೀವೊಂದು ಅನ್ರಿ,” ಎಂದರು.

“ನನಗೇನು ಬರ್ತೈತ್ರಿ. ಜ್ವಾಳ ಬೀಸೋ ಮುಂದ ನಮ್ಮವ್ವ ಹಾಡತಿದ್ದಳು, ಅಷ್ಟ,” ಎಂದಳು ಶಾಂತಾ.

“ಅದನ್ನ ಅನ್ರಿ. ನಾ ಹಿಂದ ಬರ್ತೀನಿ.”

ಶಾಂತಾ ತಲೆ ತಗ್ಗಿಸಿ ಶುರು ಮಾಡಿದಳು. ತವರಿನ ದಾರಿ ಕಾಯುವ ತಂಗಿಯ ಪದ. ಮೊದಲು ದನಿ ಸಣ್ಣಗಿತ್ತು. ಎರಡನೇ ಸಾಲಿಗೆ ಟೀಚರ ಬೆರಳುಗಳು ಅವಳ ದಾರಿ ಹಿಡಿದವು. ಆಮೇಲೆ ಅವಳ ದನಿ ಏರಿದ್ದನ್ನು ಕೇಳಿ ನಾನು ಕೂತಲ್ಲೇ ದಂಗಾಗಿಬಿಟ್ಟೆ. ಬಾಗಿಲಲ್ಲಿದ್ದ ಹೆಂಗಸರಿಗೂ ಆ ಪದ ಗೊತ್ತಿತ್ತು. ಅವರೂ ಕೂಡಿಕೊಂಡರು. ಕಟ್ಟಡಕ್ಕೆ ಕಲ್ಲು, ಮರಳು ಹೊರುವ ಆ ಹೆಂಗಸರು ಹಾಡುವುದನ್ನು ಅಲ್ಲಿಯವರೆಗೆ ಆ ಗಲ್ಲಿಯಲ್ಲಿ ನಾನು ಕೇಳಿರಲಿಲ್ಲ.

ಟೀಚರನ್ನು ರೈಲು ಹತ್ತಿಸಿ ಬಂದೆ. ಶಾಂತಾ ಪಾತ್ರೆ ತೊಳೆಯುತ್ತಿದ್ದಳು.

“ಇಷ್ಟು ಛಲೋ ಹಾಡ್ತಿ. ಮದುವಿಯಾಗಿ ಎಂಟು ವರ್ಷಾತು. ಒಮ್ಮೆನೂ ಹಾಡಲಿಲ್ಲಲ್ಲ?” ಎಂದೆ.

ಅವಳು ಕೈ ನಿಲ್ಲಿಸದೆ ಹೇಳಿದಳು:

“ನೀವು ಯಾವಾಗ ಕೇಳೀರಿ?”

ಈಗ ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದು, ಊಟ ಮಾಡಿ, ಅವಳ ಎದುರು ಕೂತು ನಾನೇ ಕೇಳುತ್ತೇನೆ. ಒಮ್ಮೊಮ್ಮೆ ಕೆಲಸ ಇದೆ ಎಂದು ಎದ್ದು ಹೋಗುತ್ತಾಳೆ. ಒಮ್ಮೊಮ್ಮೆ ಹಾಡುತ್ತಾಳೆ.